ಉಪಗ್ರಹ ಚಿತ್ರಗಳಲ್ಲಿ ಭೂಮಿ ಒಮ್ಮೊಮ್ಮೆ ಒಂದೊಂದು ಥರ ಕಾಣುವುದೇಕೆ? ವಾಲಿದ ಕಟ್ಟಡ, ಮೂರು ಬಣ್ಣದ ವಿಮಾನ, ಹಿಗ್ಗುವ ಖಂಡ

ಮೋಡದಾಚೆ

ಗೆಳೆಯರೇ, ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಗೀಳು ಹತ್ತಿಕೊಂಡಿದೆ. ನೋಡಿದಷ್ಟೂ ಪ್ರಶ್ನೆಗಳು ಹೆಚ್ಚುತ್ತಿವೆ. ಬಲ್ಲವರು ಬಿಡಿಸಿ ಹೇಳಬೇಕು.

2012ರಲ್ಲಿ ನಾಸಾ ಹೊರತಂದ ‘ಬ್ಲೂ ಮಾರ್ಬಲ್’ ಚಿತ್ರದಲ್ಲಿ ಉತ್ತರ ಅಮೆರಿಕ ಗೋಳದ ಮುಖವನ್ನೆಲ್ಲ ತುಂಬಿಕೊಂಡಿದೆ. 2015ರಲ್ಲಿ ಡಿಸ್ಕವರ್ ಉಪಗ್ರಹ ಕಳಿಸಿದ ಚಿತ್ರದಲ್ಲಿ ಅದೇ ಖಂಡ ಎಷ್ಟೋ ಚಿಕ್ಕದು, ಸುತ್ತ ಸಮುದ್ರವೇ ಸಮುದ್ರ. ಭೂಮಿಯಂತೂ ಅದೇ. ಹಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ನಗರಗಳನ್ನು ಹಿಗ್ಗಿಸಿ ನೋಡಿದರೆ ಎತ್ತರದ ಕಟ್ಟಡಗಳೆಲ್ಲ ಒಂದೇ ಕಡೆಗೆ ವಾಲಿರುತ್ತವೆ. ಹಳೆಯ ದಿನಾಂಕದ ಚಿತ್ರ ತೆರೆದರೆ ಅವೇ ಕಟ್ಟಡಗಳು ಎದುರು ದಿಕ್ಕಿಗೆ ವಾಲಿವೆ. ಸೆಂಟಿನೆಲ್-2 ಚಿತ್ರದಲ್ಲಿ ಹಾರುತ್ತಿದ್ದ ವಿಮಾನವೊಂದು ಸಿಕ್ಕಿತು. ಒಂದೇ ವಿಮಾನ, ಆದರೆ ನೀಲಿ, ಹಸಿರು, ಕೆಂಪು ಎಂದು ಸಾಲಾಗಿ ಮೂರು ಕಾಣುತ್ತವೆ. ಇವಕ್ಕೆಲ್ಲ ಬೇರೆ ಬೇರೆ ಕಾರಣಗಳಿವೆಯೋ, ಬುಡದಲ್ಲಿ ಒಂದೇ ಕಾರಣವೋ?

ಲೆಕ್ಕದ ಮೇಷ್ಟ್ರು

ಖಂಡದ ಗಾತ್ರದ ಪ್ರಶ್ನೆ ನನಗಿರಲಿ. ಉಳಿದದ್ದಕ್ಕೆ ಕಕ್ಷೆ98 ಬರಲಿ, ಅವರ ಕಸುಬೇ ಅದು.

ಗೋಳವೊಂದನ್ನು ಎಷ್ಟೇ ದೂರದಿಂದ ನೋಡಿದರೂ ಅದರ ಪೂರ್ತಿ ಅರ್ಧ ಎಂದೂ ಕಾಣುವುದಿಲ್ಲ. ಹತ್ತಿರ ಹೋದಷ್ಟೂ ಕಾಣುವ ಭಾಗ ಕಡಿಮೆಯಾಗುತ್ತದೆ. ಲೆಕ್ಕ ಸುಲಭ. ನೆಲದಿಂದ ನೋಡುವವನ ಎತ್ತರವನ್ನು, ಭೂಮಿಯ ತ್ರಿಜ್ಯ ಮತ್ತು ಆ ಎತ್ತರದ ಮೊತ್ತದಿಂದ ಭಾಗಿಸಿ, ಬಂದದ್ದರ ಅರ್ಧ ತೆಗೆದುಕೊಳ್ಳಿ. ಭೂಮಿಯ ಮೇಲ್ಮೈಯ ಅಷ್ಟು ಪಾಲು ನಿಮಗೆ ಕಾಣುತ್ತದೆ. ತ್ರಿಜ್ಯ 6,371 ಕಿ.ಮೀ.

400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣದಿಂದ ಶೇ 3ರಷ್ಟು ಮಾತ್ರ ಕಾಣುತ್ತದೆ. 2,000 ಕಿ.ಮೀ.ನಿಂದ ಶೇ 12. ಭೂಸ್ಥಿರ ಉಪಗ್ರಹಗಳಿರುವ 35,786 ಕಿ.ಮೀ.ನಿಂದ ಶೇ 42. ಡಿಸ್ಕವರ್ ಇರುವುದು ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ, ಅಲ್ಲಿಂದ ಹೆಚ್ಚುಕಡಿಮೆ ಶೇ 50.

ಈಗ ಮುಖ್ಯ ಮಾತು. ಶೇ 12 ಕಂಡರೂ, ಶೇ 50 ಕಂಡರೂ ಚಿತ್ರದಲ್ಲಿ ಮೂಡುವುದು ಒಂದು ಪೂರ್ಣ ವೃತ್ತವೇ. ಆ ವೃತ್ತದ ಅಂಚನ್ನು ನಾವು ‘ಭೂಮಿಯ ಅಂಚು’ ಎಂದುಕೊಳ್ಳುತ್ತೇವೆ. ಅದು ಆ ಎತ್ತರದ ದಿಗಂತ ಅಷ್ಟೇ. 2012ರ ಚಿತ್ರದಲ್ಲಿ ಆದಂತೆ, ಚಿಕ್ಕ ದಿಗಂತದೊಳಗೆ ದೊಡ್ಡ ಖಂಡ ಕೂತರೆ ಅದು ಗೋಳವನ್ನೆಲ್ಲ ನುಂಗಿದಂತೆ ಕಾಣುತ್ತದೆ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ಕಣ್ಣು ಮುಚ್ಚಿ, ಆಫ್ರಿಕವನ್ನು ಒಂದು ಗೇಣು ದೂರದಲ್ಲಿಟ್ಟು ನೋಡಿ. ಆಮೇಲೆ ಕೋಣೆಯ ಆ ತುದಿಗೆ ಹೋಗಿ ನೋಡಿ.

1972ರ ಡಿಸೆಂಬರ್ 7ರಂದು ಅಪೊಲೊ 17ರ ಯಾತ್ರಿಗಳು ತೆಗೆದ ಮೊದಲ ‘ಬ್ಲೂ ಮಾರ್ಬಲ್’ ಸುಮಾರು 29,000 ಕಿ.ಮೀ. ದೂರದಿಂದ ಬಂದದ್ದು. ನನ್ನ ಲೆಕ್ಕಕ್ಕೆ ಅಲ್ಲಿ ಶೇ 41 ಕಾಣಬೇಕು. ಹಾಗಾಗಿ ಅದರಲ್ಲಿ ಆಫ್ರಿಕ ತನ್ನ ನಿಜವಾದ ಪಾಲಿಗೆ ಹತ್ತಿರವಾಗಿದೆ.

ಪ್ರಶ್ನೆಗಾರ

> ಅದು ಆ ಎತ್ತರದ ದಿಗಂತ ಅಷ್ಟೇ.

ಮೇಷ್ಟ್ರೇ, ನಿಮ್ಮ ಲೆಕ್ಕ ಒಪ್ಪಿದೆ. ಆದರೆ 2012ರ ಚಿತ್ರ ತೆಗೆದ ಉಪಗ್ರಹ ಇದ್ದದ್ದು 824 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಆ ನೋಟ ಸಾಧ್ಯವೇ ಇಲ್ಲ. ಅಂದರೆ ಅದು ಫೋಟೋ ಅಲ್ಲ, ಕಂಪ್ಯೂಟರಿನಲ್ಲಿ ಕಟ್ಟಿದ್ದು. ಇದನ್ನು ನೇರವಾಗಿ ಹೇಳಬೇಕಲ್ಲವೇ? ಜನರಿಗೆ ಅನುಮಾನ ಹುಟ್ಟುವುದು ಇಂಥಲ್ಲೇ.

ಕಕ್ಷೆ98

ನೇರವಾಗಿಯೇ ಹೇಳುತ್ತೇನೆ. ಹೌದು, ಅದು ಕಟ್ಟಿದ ಚಿತ್ರ. ನಾಸಾ ಕೂಡ ಹಾಗೆಂದೇ ಪ್ರಕಟಿಸಿತ್ತು. ಅದೇ ಸರಣಿಯ ಪೂರ್ವ ಗೋಳಾರ್ಧದ ಚಿತ್ರಕ್ಕೆ ಸುವೋಮಿ ಎನ್‌ಪಿಪಿ ಉಪಗ್ರಹ ಸುಮಾರು 8 ಗಂಟೆಗಳಲ್ಲಿ 6 ಸುತ್ತು ಹೊಡೆದು ಸಂಗ್ರಹಿಸಿದ ಪಟ್ಟಿಗಳನ್ನು ಗೋಳದ ಮೇಲೆ ಹಾಸಿ, 12,743 ಕಿ.ಮೀ. ಎತ್ತರದಿಂದ ನೋಡಿದರೆ ಹೇಗಿರುತ್ತದೋ ಹಾಗೆ ಲೆಕ್ಕ ಹಾಕಿ ಬಿಡಿಸಿದರು. ಚಿತ್ರವನ್ನು ಸೂಕ್ಷ್ಮವಾಗಿ ನೋಡಿದರೆ ಸಮುದ್ರದ ಮೇಲೆ ಉದ್ದಕ್ಕೆ ನಾಲ್ಕು ಮಸುಕು ಗೆರೆಗಳು ಕಾಣುತ್ತವೆ. ಅವು ನೀರಿನ ಮೇಲಿನ ಬಿಸಿಲಿನ ಹೊಳಪು. ಉಪಗ್ರಹ ಪ್ರತಿ ಸುತ್ತಿನಲ್ಲೂ ಅದನ್ನು ಕಂಡಿದೆ. ನಿಜವಾಗಿ ಒಂದೇ ಸಲ ನೋಡಿದ್ದರೆ ಹೊಳಪು ಒಂದೇ ಕಡೆ ಇರಬೇಕಿತ್ತು. ಹೇಗೆ ಕಟ್ಟಿದರು ಎಂಬ ಸಾಕ್ಷಿ ಚಿತ್ರದೊಳಗೇ ಇದೆ.

ಆದರೆ ‘ಕಟ್ಟಿದ್ದು’ ಮತ್ತು ‘ಕಲ್ಪಿಸಿದ್ದು’ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅದರ ಒಂದೊಂದು ಪಿಕ್ಸೆಲ್ಲಿಗೂ ಅಳತೆಯ ಆಧಾರವಿದೆ. ಯಾವ ಕ್ಷಣದಲ್ಲಿ, ಯಾವ ಕೋನದಲ್ಲಿ, ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಬಂತು ಎಂಬುದು ದಾಖಲಾಗಿರುತ್ತದೆ.

ಮೋಡದಾಚೆ ಅವರ ಉಳಿದ ಪ್ರಶ್ನೆಗಳಿಗೂ ಬುಡ ಇಲ್ಲೇ ಇದೆ. ಮೊಬೈಲ್ ಕ್ಯಾಮೆರಾದಂತೆ ಉಪಗ್ರಹವೂ ‘ಕ್ಲಿಕ್’ ಎಂದು ಇಡೀ ದೃಶ್ಯವನ್ನು ಒಮ್ಮೆಗೇ ಹಿಡಿಯುತ್ತದೆ ಎಂದುಕೊಂಡರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅಂಥ ಕ್ಯಾಮೆರಾ ಇರುವ ಪುಟ್ಟ ಉಪಗ್ರಹಗಳೂ ಇವೆ, ಆದರೆ ಲ್ಯಾಂಡ್‌ಸ್ಯಾಟ್ 8, ಸೆಂಟಿನೆಲ್-2, ವರ್ಲ್ಡ್‌ವ್ಯೂ ಇವೆಲ್ಲ ಹಾಗೆ ಕೆಲಸ ಮಾಡುವುದಿಲ್ಲ. ಜೆರಾಕ್ಸ್ ಯಂತ್ರದ ಗಾಜಿನ ಕೆಳಗೆ ಬೆಳಕಿನ ಪಟ್ಟಿ ಸರಿಯುತ್ತಾ ಹಾಳೆಯನ್ನು ಗೆರೆಗೆರೆಯಾಗಿ ಓದುತ್ತದಲ್ಲ, ಇವೂ ಹಾಗೆಯೇ. ಉಪಗ್ರಹದಲ್ಲಿರುವುದು ಅಡ್ಡಲಾಗಿ ಜೋಡಿಸಿದ ಸಾವಿರಾರು ಸಂವೇದಕಗಳ ಸಾಲು. ಅದು ಒಂದು ಸಲಕ್ಕೆ ನೆಲದ ಒಂದು ಗೆರೆಯನ್ನಷ್ಟೇ ಓದುತ್ತದೆ. ಉದ್ದವನ್ನು ಒದಗಿಸುವುದು ಉಪಗ್ರಹದ ಓಟ.

ಲ್ಯಾಂಡ್‌ಸ್ಯಾಟ್ 8 ಇರುವುದು 705 ಕಿ.ಮೀ. ಎತ್ತರದಲ್ಲಿ. ಅದರ ಕೆಳಗಿನ ನೆಲ ಸೆಕೆಂಡಿಗೆ ಸುಮಾರು 6.75 ಕಿ.ಮೀ. ವೇಗದಲ್ಲಿ ಹಿಂದೆ ಸರಿಯುತ್ತದೆ. 30 ಮೀ. ಪಿಕ್ಸೆಲ್ ಬೇಕಾದರೆ ಒಂದು ಗೆರೆಗೆ ಸಿಗುವ ಸಮಯ ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕೈದು ಪಾಲು. 31 ಸೆಂ.ಮೀ. ವಿವರ ತೋರಿಸುವ ವರ್ಲ್ಡ್‌ವ್ಯೂ-3 ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗೆರೆ ಓದಬೇಕು. ಒಂದು ಗೆರೆಗೆ ಸಿಗುವ ಬೆಳಕು ಅಷ್ಟು ಕಡಿಮೆಯಾದ್ದರಿಂದ, ಒಂದರ ಹಿಂದೊಂದು ಹಲವು ಸಾಲು ಸಂವೇದಕಗಳಿಟ್ಟು, ಅದೇ ನೆಲದ ಬೆಳಕನ್ನು ಮತ್ತೆ ಮತ್ತೆ ಕೂಡಿಸುತ್ತಾರೆ.

ಹೀಗೆ ಓದುತ್ತಿರುವಾಗ ಭೂಮಿ ಸುಮ್ಮನೆ ನಿಂತಿರುವುದಿಲ್ಲ. 185 ಕಿ.ಮೀ. ಉದ್ದದ ದೃಶ್ಯ ಮುಗಿಯಲು 27 ಸೆಕೆಂಡ್ ಬೇಕು. ಸಮಭಾಜಕದ ಹತ್ತಿರ ನೆಲ ಸೆಕೆಂಡಿಗೆ 465 ಮೀ. ಪೂರ್ವಕ್ಕೆ ಹೋಗುತ್ತದೆ. ಮೊದಲ ಗೆರೆಯಿಂದ ಕೊನೆಯ ಗೆರೆ ತಲುಪುವಷ್ಟರಲ್ಲಿ ಭೂಮಿ 12 ಕಿ.ಮೀ.ಗೂ ಹೆಚ್ಚು ಸರಿದಿರುತ್ತದೆ. ಲ್ಯಾಂಡ್‌ಸ್ಯಾಟ್ ದೃಶ್ಯ ಇಳಿಸಿಕೊಂಡವರು ಗಮನಿಸಿರುತ್ತೀರಿ, ಅದು ನೇರ ಚೌಕವಲ್ಲ, ಓರೆಯಾದ ಚೌಕ, ಸುತ್ತ ಕಪ್ಪು ತ್ರಿಕೋನಗಳು. ಆ ಓರೆಯಲ್ಲಿ ಕಕ್ಷೆಯ ವಾಲಿಕೆಯೂ ಇದೆ, ಭೂಮಿಯ ತಿರುಗುವಿಕೆಯೂ ಇದೆ.

ಮೋಡದಾಚೆ

ಆಹಾ, ಆ ಕಪ್ಪು ತ್ರಿಕೋನಗಳನ್ನು ನಾನು ಕತ್ತರಿಸಿ ಬಿಸಾಡುತ್ತಿದ್ದೆ! ಹಾಗಾದರೆ ವಿಮಾನ?

ಕಕ್ಷೆ98

ವಿಮಾನವೂ ಅದೇ ಗೆರೆಗಳ ಕಥೆ. ಸೆಂಟಿನೆಲ್-2ರಲ್ಲಿ 13 ಬಣ್ಣಪಟ್ಟಿಗಳಿವೆ, ಒಂದೊಂದಕ್ಕೂ ಬೇರೆ ಸಾಲು. ಈ ಸಾಲುಗಳು ಒಂದರ ಹಿಂದೆ ಒಂದು ಕೂತಿವೆ. ಹಾಗಾಗಿ ನೆಲದ ಒಂದೇ ಜಾಗವನ್ನು ನೀಲಿ ಸಾಲು ಮೊದಲು ನೋಡುತ್ತದೆ, ಕೆಂಪು ಸಾಲು ಸುಮಾರು ಒಂದು ಸೆಕೆಂಡ್ ತಡವಾಗಿ ನೋಡುತ್ತದೆ, ಹಸಿರು ನಡುವೆ. ಗುಡ್ಡ, ರಸ್ತೆ, ಕೆರೆ ಕದಲುವುದಿಲ್ಲವಾದ್ದರಿಂದ ಮೂರೂ ಸರಿಯಾಗಿ ಒಂದರ ಮೇಲೊಂದು ಕೂರುತ್ತವೆ. ಸೆಕೆಂಡಿಗೆ 250 ಮೀ. ಹಾರುವ ವಿಮಾನ ಅಷ್ಟರಲ್ಲಿ 250 ಮೀ. ಮುಂದಿರುತ್ತದೆ, 10 ಮೀ. ಪಿಕ್ಸೆಲ್ಲಿನಲ್ಲಿ ಅದು 25 ಪಿಕ್ಸೆಲ್.

ಇದರೊಳಗೆ ಇನ್ನೊಂದು ಸೊಗಸಾದ ವಿಷಯ ಇದೆ. ವಿಮಾನ ಕದಲದೆ ನಿಂತಿದ್ದರೂ ಬಣ್ಣ ಬೇರೆಯಾಗುತ್ತಿತ್ತು. ಏಕೆಂದರೆ ಆ ಒಂದು ಸೆಕೆಂಡಿನಲ್ಲಿ ಉಪಗ್ರಹವೇ 6.7 ಕಿ.ಮೀ. ಮುಂದೆ ಹೋಗಿದೆ, ನೋಟದ ಕೋನ ಸ್ವಲ್ಪ ಬದಲಾಗಿದೆ. ನೆಲಕ್ಕೆ ಹೊಂದಿಸಿದ ಚಿತ್ರದಲ್ಲಿ 10 ಕಿ.ಮೀ. ಎತ್ತರದ ವಸ್ತು ಸುಮಾರು 85 ಮೀ. ಪಕ್ಕಕ್ಕೆ ಬೀಳುತ್ತದೆ. ಎತ್ತರದ ಮೋಡಗಳ ಅಂಚಿನಲ್ಲಿ ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು ಗೆರೆ ಕಂಡರೆ ಅದೇ ಕಾರಣ. ಮೋಡದ ಎತ್ತರವನ್ನೂ ವಿಮಾನದ ವೇಗವನ್ನೂ ಈ ಬಣ್ಣದ ಅಂತರದಿಂದಲೇ ಅಳೆಯುತ್ತಾರೆ. ಸಮುದ್ರದ ಅಲೆಗಳ ವೇಗವನ್ನು ಸಹ. ನೋಡುವವನಿಗೆ ದೋಷ, ಅಳೆಯುವವನಿಗೆ ಆಧಾರ. ಈ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಸಂಗತಿ ಇದು.

ರೇಖಾಂಶ

ಇದಕ್ಕೆ ಒಂದು ಪೂರಕ ಉದಾಹರಣೆ. 2015ರ ಜುಲೈನಲ್ಲಿ ಡಿಸ್ಕವರ್ ಉಪಗ್ರಹದ ಎಪಿಕ್ ಕ್ಯಾಮೆರಾ ಭೂಮಿಯ ಮುಂದೆ ಚಂದ್ರ ಹಾದುಹೋಗುವುದನ್ನು ಹಿಡಿಯಿತು. ಆ ಚಿತ್ರದಲ್ಲಿ ಚಂದ್ರನ ಬಲ ಅಂಚಿಗೆ ತೆಳುವಾದ ಹಸಿರು ಗೆರೆ ಇದೆ. ‘ನೋಡಿ, ಅಂಟಿಸಿದ್ದಾರೆ’ ಎಂದು ಎಷ್ಟು ಜನ ಹಂಚಿಕೊಂಡರೋ! ಆ ಕ್ಯಾಮೆರಾ ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಸುಮಾರು 30 ಸೆಕೆಂಡ್ ಅಂತರದಲ್ಲಿ ಬೇರೆ ಬೇರೆಯಾಗಿ ತೆಗೆಯುತ್ತದೆ. ಅಷ್ಟರಲ್ಲಿ ಚಂದ್ರ ಸರಿದಿರುತ್ತಾನೆ. ಅಂಟಿಸಿದ ಚಂದ್ರನಾಗಿದ್ದರೆ ಆ ಗೆರೆ ಬರುವ ಸಂಭವವೇ ಇರಲಿಲ್ಲ.

ಪ್ರಶ್ನೆಗಾರ

ಇದು ಒಪ್ಪುವಂಥ ಮಾತು. ಕಟ್ಟಡಗಳ ವಿಷಯಕ್ಕೆ ಬನ್ನಿ.

ಲೆಕ್ಕದ ಮೇಷ್ಟ್ರು

ಉಪಗ್ರಹ ನೆತ್ತಿಯ ಮೇಲೆ ನೇರವಾಗಿದ್ದಾಗ ಮಾತ್ರ ಕಟ್ಟಡದ ತುದಿಯೂ ಬುಡವೂ ಒಂದೇ ಕಡೆ ಕಾಣುತ್ತವೆ. ಓರೆಯಲ್ಲಿದ್ದರೆ ತುದಿ ಉಪಗ್ರಹದಿಂದ ಆಚೆಗೆ ಬೀಳುತ್ತದೆ. ಎಷ್ಟು ಆಚೆಗೆ ಎಂದರೆ, ಕಟ್ಟಡದ ಎತ್ತರವನ್ನು ಆ ಕೋನದ ಟ್ಯಾನ್‌ನಿಂದ ಗುಣಿಸಿ. ನೆತ್ತಿಯಿಂದ 20 ಡಿಗ್ರಿ ಓರೆಗೆ 100 ಮೀ. ಕಟ್ಟಡದ ತುದಿ 36 ಮೀ. ಪಕ್ಕದಲ್ಲಿರುತ್ತದೆ. 828 ಮೀ. ಎತ್ತರದ ಬುರ್ಜ್ ಖಲೀಫಾ ಆದರೆ 300 ಮೀ.

ಒಂದು ದಿನ ಉಪಗ್ರಹ ಪೂರ್ವದಿಂದ ಇಣುಕಿದರೆ ಕಟ್ಟಡ ಪಶ್ಚಿಮಕ್ಕೆ ವಾಲುತ್ತದೆ, ಇನ್ನೊಂದು ದಿನ ಪಶ್ಚಿಮದಿಂದ ಇಣುಕಿದರೆ ಪೂರ್ವಕ್ಕೆ.

ಕಕ್ಷೆ98

ಮೇಷ್ಟ್ರು ಹೇಳಿದ್ದು ಬೆಟ್ಟಕ್ಕೂ ಅನ್ವಯಿಸುತ್ತದೆ, ಅಲ್ಲಿ ಪರಿಣಾಮ ಇನ್ನೂ ಗಂಭೀರ. 1,000 ಮೀ. ಬೆಟ್ಟದ ನೆತ್ತಿ 20 ಡಿಗ್ರಿ ಓರೆಯಲ್ಲಿ 364 ಮೀ. ಜಾಗ ತಪ್ಪುತ್ತದೆ. ಇದನ್ನು ಸರಿಪಡಿಸದೆ ನಕ್ಷೆಯ ಮೇಲೆ ಹಾಕಿದರೆ ಬೆಟ್ಟದ ಮೇಲಿನ ರಸ್ತೆ ಪಕ್ಕದ ಕಣಿವೆಯಲ್ಲಿರುತ್ತದೆ. ಅದಕ್ಕೇ ಪ್ರತಿ ಪಿಕ್ಸೆಲ್ಲಿನ ನೆಲದೆತ್ತರ ತಿಳಿದುಕೊಂಡು, ಅದನ್ನು ಸರಿಯಾದ ಜಾಗಕ್ಕೆ ಎಳೆದು ತರುತ್ತಾರೆ. ಕಸುಬಿನವರು ಆರ್ಥೋ ಮಾಡುವುದು ಎನ್ನುತ್ತಾರೆ.

ಹಾಗಾದರೆ ಕಟ್ಟಡಗಳು ಯಾಕೆ ವಾಲಿಕೊಂಡೇ ಉಳಿಯುತ್ತವೆ? ನೆಲದೆತ್ತರವನ್ನು ದಾಖಲಿಸಿಟ್ಟ ಸಾಮಾನ್ಯ ಮಾದರಿಯಲ್ಲಿ ಬೆಟ್ಟ ಇರುತ್ತದೆ, ಒಂದೊಂದು ಕಟ್ಟಡ ಇರುವುದಿಲ್ಲ. ಬುಡ ಸರಿಯಾದ ಜಾಗಕ್ಕೆ ಬರುತ್ತದೆ, ತುದಿ ಅಲ್ಲೇ ಉಳಿಯುತ್ತದೆ. ಕಟ್ಟಡದ ಎತ್ತರ ಗೊತ್ತಿದ್ದರೂ ಅದರ ಹಿಂದೆ ಮರೆಯಾದ ಬೀದಿ ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಬೇರೆ ಕೋನದ ಚಿತ್ರದಿಂದ ತಂದು ತುಂಬಬೇಕು. ಈ ಖರ್ಚು, ಶ್ರಮ ಎಲ್ಲರೂ ಮಾಡುವುದಿಲ್ಲ.

ಮೂರು ಆಯಾಮದ ನಕ್ಷೆಗಳಲ್ಲಿ ಸೇತುವೆ ಕರಗಿ ನದಿಯೊಳಗೆ ಇಳಿದಂತೆ ಕಾಣುವುದನ್ನು ಹಲವರು ನೋಡಿರಬಹುದು. ಅದೂ ಇದೇ. 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ 11 ದಿನ ಹಾರಿ, ಉತ್ತರ 60ರಿಂದ ದಕ್ಷಿಣ 56 ಡಿಗ್ರಿವರೆಗಿನ ನೆಲದ ಎತ್ತರವನ್ನು ರೇಡಾರ್‌ನಿಂದ ಅಳೆಯಿತು. ಅಂಥ ಮಾದರಿಯಲ್ಲಿ 30 ಮೀ.ಗೆ ಒಂದು ಎತ್ತರ. ಸೇತುವೆ ಬಿಟ್ಟುಹೋಗಿ ಕಣಿವೆಯ ತಳ ಮಾತ್ರ ಉಳಿಯುತ್ತದೆ. ಅದರ ಮೇಲೆ ಮೇಲಿನಿಂದ ತೆಗೆದ ಚಿತ್ರ ಹಾಸಿದಾಗ, ಡಾಂಬರು ರಸ್ತೆ ದಡದಿಂದ ಜಾರಿ, ನೀರು ಮುಟ್ಟಿ, ಮತ್ತೆ ಆ ದಡ ಹತ್ತುತ್ತದೆ.

ವಾಲುವಿಕೆಯನ್ನೇ ಬಳಸಿಕೊಂಡ ಉಪಗ್ರಹಗಳೂ ಇವೆ. 2005ರಲ್ಲಿ ಇಸ್ರೊ ಹಾರಿಸಿದ ಕಾರ್ಟೊಸ್ಯಾಟ್-1ರಲ್ಲಿ ಎರಡು ಕ್ಯಾಮೆರಾಗಳಿದ್ದವು, ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ಓರೆಯಾಗಿ. ಒಂದೇ ಜಾಗವನ್ನು ಒಂದು ನಿಮಿಷದೊಳಗೆ ಎರಡು ಕೋನದಿಂದ ನೋಡಿ, ಎರಡರ ವಾಲುವಿಕೆಯ ವ್ಯತ್ಯಾಸದಿಂದ ಎತ್ತರ ಲೆಕ್ಕ ಹಾಕಲು.

ಬೆಳಗಿನ ನೆರಳು

ಇಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಬಹುದೇ? ಹಿಮಾಲಯದ ಲ್ಯಾಂಡ್‌ಸ್ಯಾಟ್ ಚಿತ್ರ ನೋಡುವಾಗ ನನಗೆ ಶಿಖರಗಳೆಲ್ಲ ಹಳ್ಳಗಳಂತೆ, ಕಣಿವೆಗಳು ಉಬ್ಬಿದ ಬೆಟ್ಟಸಾಲಿನಂತೆ ಕಾಣುತ್ತವೆ. ನದಿ ಬೆಟ್ಟದ ತುದಿಯ ಮೇಲೆ ಹರಿಯುತ್ತದೆ. ಇದೂ ಉಪಗ್ರಹದ ವಿರೂಪವೇ?

ರೇಖಾಂಶ

ಇಲ್ಲ, ಚಿತ್ರ ಸರಿಯಾಗಿದೆ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಮಿದುಳು ಮೊದಲೇ ತೀರ್ಮಾನಿಸಿಕೊಂಡಿರುತ್ತದೆ. ಲ್ಯಾಂಡ್‌ಸ್ಯಾಟ್ ಹಾದುಹೋಗುವುದು ಬೆಳಗ್ಗೆ ಹತ್ತು, ಹತ್ತೂವರೆಯ ಹೊತ್ತಿಗೆ. ಉತ್ತರ ಗೋಳಾರ್ಧದ ಬೆಟ್ಟಸೀಮೆಯಲ್ಲಿ ಆಗ ಸೂರ್ಯ ಹೆಚ್ಚಾಗಿ ಆಗ್ನೇಯಕ್ಕಿರುತ್ತಾನೆ. ಉತ್ತರ ಮೇಲಿರುವ ಚಿತ್ರದಲ್ಲಿ ಅದು ಬಲಗಡೆಯ ಕೆಳಮೂಲೆ. ಬೆಳಕು ಕೆಳಗಿನಿಂದ ಬಂದಾಗ ಮಿದುಳು ಉಬ್ಬನ್ನು ತಗ್ಗು ಎಂದು ಓದುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ, ಅಂದರೆ 180 ಡಿಗ್ರಿ ತಿರುಗಿಸಿ. ತಕ್ಷಣ ಶಿಖರ ಶಿಖರವಾಗುತ್ತದೆ.

ಬೆಳಗಿನ ನೆರಳು

ಫೋನನ್ನೇ ತಿರುಗಿಸಿ ನೋಡಿದೆ. ಸರಕ್ಕನೆ ಬದಲಾಯಿತು! ನದಿ ಈಗ ತಳದಲ್ಲಿದೆ. ಧನ್ಯವಾದ ಮೇಡಂ.

ಹಳೆಯ ಪಟ್ಟಿ

ಗೆರೆಗಳ ಮಾತು ಬಂದದ್ದಕ್ಕೆ ಲ್ಯಾಂಡ್‌ಸ್ಯಾಟ್ 7ರ ಕಥೆ ಹೇಳಲೇಬೇಕು. ಅದರಲ್ಲಿ ಉದ್ದ ಸಾಲಿನ ಸಂವೇದಕ ಇರಲಿಲ್ಲ, ಕನ್ನಡಿಯೊಂದು ಅತ್ತಿಂದಿತ್ತ ತೂಗುತ್ತಾ ನೆಲವನ್ನು ಗುಡಿಸುತ್ತಿತ್ತು. ಕನ್ನಡಿ ತೂಗುವಾಗ ಉಪಗ್ರಹ ಮುಂದೆ ಹೋಗುತ್ತಿರುವುದರಿಂದ ಗೆರೆಗಳು ಸೊಟ್ಟಂಬಟ್ಟ ಬೀಳುತ್ತವೆ. ಅದನ್ನು ನೇರ ಮಾಡಲು ಇನ್ನೊಂದು ಜೋಡಿ ಪುಟ್ಟ ಕನ್ನಡಿ ಇತ್ತು. 2003ರ ಮೇ 31ರಂದು ಆ ಭಾಗ ಕೆಟ್ಟಿತು. ಅಂದಿನಿಂದ ಪ್ರತಿ ದೃಶ್ಯದಲ್ಲೂ ಶೇ 22ರಷ್ಟು ಖಾಲಿ, ಅಂಚಿಗೆ ಹೋದಂತೆ ಅಗಲವಾಗುವ ಕಪ್ಪು ಪಟ್ಟೆಗಳು. ನಡುವಿನ ಸುಮಾರು 22 ಕಿ.ಮೀ. ಮಾತ್ರ ಅಖಂಡ. ಆದರೂ ವಿಜ್ಞಾನಿಗಳು ಅದನ್ನು ಕೈಬಿಡಲಿಲ್ಲ, ವರ್ಷಗಟ್ಟಲೆ ಬಳಸಿದರು. ಉಳಿದ ಶೇ 78 ಅಳತೆಯಾಗಿ ಎಂದಿನಷ್ಟೇ ನಂಬಲರ್ಹವಾಗಿತ್ತು. 2003ರ ನಂತರದ ಹಳೆಯ ಚಿತ್ರಗಳಲ್ಲಿ ಆ ಪಟ್ಟೆ ಕಂಡರೆ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ತಿಳಿಯಬೇಡಿ.

ನಾಸಾ ಉಪಗ್ರಹಗಳಲ್ಲಿರುವ ಮೋಡಿಸ್ ಸಂವೇದಕವೂ ಕನ್ನಡಿಯದೇ. ಅದು ಎಡಬಲಕ್ಕೆ 55 ಡಿಗ್ರಿವರೆಗೆ ನೋಡಿ 2,330 ಕಿ.ಮೀ. ಅಗಲ ಹಿಡಿಯುತ್ತದೆ. ನಡುವೆ 1 ಕಿ.ಮೀ. ಇರುವ ಪಿಕ್ಸೆಲ್ ಅಂಚಿನಲ್ಲಿ 2 ಕಿ.ಮೀ. ಉದ್ದ, ಹತ್ತಿರಹತ್ತಿರ 5 ಕಿ.ಮೀ. ಅಗಲ ಆಗುತ್ತದೆ. ಹಾಗಾಗಿ ಅಂಚಿನಲ್ಲಿ ಒಂದು ಗುಡಿತದ ನೆಲ ಮುಂದಿನ ಗುಡಿತದಲ್ಲೂ ಬರುತ್ತದೆ. ಸರಿಪಡಿಸದ ಚಿತ್ರದಲ್ಲಿ ಕರಾವಳಿ ಎರಡೆರಡು ಸಲ ಕಾಣುತ್ತದೆ.

ಪ್ರಶ್ನೆಗಾರ

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಚಿತ್ರದಲ್ಲಿ ಸಮುದ್ರ ಕಡುನೀಲಿ, ಇನ್ನೊಂದರಲ್ಲಿ ಬೂದು. ಕಾಡು ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ರಕ್ತಗೆಂಪು. ಇದರಲ್ಲಿ ಯಾವುದು ನಿಜ?

ಕಕ್ಷೆ98

ಕಾಡಿನ ಕೆಂಪು ಬಹಳ ಹಳೆಯ ಪದ್ಧತಿ. ಎಲೆಗಳು ಹಸಿರನ್ನು ಪ್ರತಿಫಲಿಸುವುದಕ್ಕಿಂತ ಎಷ್ಟೋ ಹೆಚ್ಚು ಸಮೀಪದ ಇನ್‌ಫ್ರಾರೆಡ್ ಬೆಳಕನ್ನು ಪ್ರತಿಫಲಿಸುತ್ತವೆ. ಅದು ನಮ್ಮ ಕಣ್ಣಿಗೆ ಕಾಣದ ಬೆಳಕು, ಕಾಣಬೇಕಾದರೆ ಯಾವುದಾದರೂ ಬಣ್ಣ ಕೊಡಲೇಬೇಕು. ಕೆಂಪು ಕೊಡುತ್ತಾರೆ. ಒಣಗುತ್ತಿರುವ ಬೆಳೆ ಕಣ್ಣಿಗೆ ಇನ್ನೂ ಹಸಿರಾಗಿರುವಾಗಲೇ ಅಲ್ಲಿ ಕೆಂಪು ಮಂಕಾಗಬಹುದು.

ಸಮುದ್ರದ ವಿಷಯ ಬೇರೆ. ಮೇಲಿನಿಂದ ನೋಡಿದಾಗ ನೆಲದ ಬೆಳಕಿನ ಜೊತೆಗೆ ಗಾಳಿ ಚದುರಿಸಿದ ನೀಲಿ ಬೆಳಕೂ ಬರುತ್ತದೆ. ಅದನ್ನು ಕಳೆಯದಿದ್ದರೆ ಎಲ್ಲವೂ ನೀಲಿ ಮುಸುಕಿನೊಳಗೆ. ಕಳೆದರೆ ಬಣ್ಣ ಗಾಢ. ಇದರ ಮೇಲೆ, ಲ್ಯಾಂಡ್‌ಸ್ಯಾಟ್ 8 ಬೆಳಕನ್ನು 4,096 ಮೆಟ್ಟಿಲುಗಳಲ್ಲಿ ಅಳೆಯುತ್ತದೆ, ನಿಮ್ಮ ಪರದೆ ಸಾಮಾನ್ಯವಾಗಿ ತೋರಿಸುವುದು 256 ಮೆಟ್ಟಿಲು. ಯಾವ ಮೆಟ್ಟಿಲನ್ನು ಎಲ್ಲಿಗೆ ಹೊಂದಿಸಬೇಕು ಎಂದು ಯಾರೋ ತೀರ್ಮಾನಿಸಬೇಕು. ಅಲ್ಲಿ ಕೈಚಳಕ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನಿಮ್ಮ ಅನುಮಾನಕ್ಕೆ ನಿಜವಾಗಿ ಅರ್ಹವಾದ ಒಂದು ಉದಾಹರಣೆ ನಾನೇ ಕೊಡುತ್ತೇನೆ. ಗೋಸ್-16 ಮತ್ತು ಅದೇ ಸರಣಿಯ ಅಮೆರಿಕದ ಭೂಸ್ಥಿರ ಹವಾಮಾನ ಉಪಗ್ರಹಗಳಲ್ಲಿ ಹಸಿರು ಪಟ್ಟಿಯೇ ಇಲ್ಲ. ಕೆಂಪು, ನೀಲಿ, ಸಮೀಪದ ಇನ್‌ಫ್ರಾರೆಡ್ ಮೂರರಿಂದ ಹಸಿರನ್ನು ಲೆಕ್ಕ ಹಾಕುತ್ತಾರೆ. ಅವುಗಳ ‘ಜಿಯೊಕಲರ್’ ಚಿತ್ರದಲ್ಲಿ ರಾತ್ರಿಯ ಕಡೆ ಹೊಳೆಯುವ ನಗರದ ದೀಪಗಳು ಆ ರಾತ್ರಿಯವಲ್ಲ. ಬೇರೆ ಉಪಗ್ರಹ ಹಿಂದೆ ತೆಗೆದ ದೀಪಗಳ ಚಿತ್ರವನ್ನು, ಜಾಗ ಗುರುತಿಸಲು ಅನುಕೂಲವಾಗಲಿ ಎಂದು ಅಡಿಯಲ್ಲಿ ಇಟ್ಟಿರುತ್ತಾರೆ. ಇಡೀ ನಗರದ ಕರೆಂಟ್ ಹೋದರೂ ಆ ಚಿತ್ರದಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಮೋಡಗಳು ಮಾತ್ರ ಆ ಗಳಿಗೆಯವು. ಇದನ್ನು ಅವರು ಬಹಿರಂಗವಾಗಿ ಬರೆದಿದ್ದಾರೆ, ಆದರೆ ಚಿತ್ರ ಹಂಚಿಕೊಳ್ಳುವವರು ಆ ಸಾಲನ್ನು ಬಿಟ್ಟು ಹಂಚುತ್ತಾರೆ. ಚಂಡಮಾರುತದ ನಂತರ ‘ದೀಪ ಉರಿಯುತ್ತಿದೆ, ಊರು ಸುರಕ್ಷಿತ’ ಎಂದು ಯಾರಾದರೂ ಆ ಚಿತ್ರ ತೋರಿಸಿದರೆ ದಯವಿಟ್ಟು ತಡೆಯಿರಿ.

ಪ್ರಶ್ನೆಗಾರ

ಹೀಗೆ ಬಿಡಿಸಿ ಹೇಳಿದ್ದಕ್ಕೆ ಮನಃಪೂರ್ವಕ ಧನ್ಯವಾದ. ಧ್ರುವದಲ್ಲಿ ಕಾಣುವ ಕಪ್ಪು ರಂಧ್ರಕ್ಕೂ ಹೀಗೇ ಉತ್ತರ ಇದೆಯೇ?

ರೇಖಾಂಶ

ಇದೆ. ಅಮೆರಿಕದ ಹವಾಮಾನ ಉಪಗ್ರಹ ಎಸ್ಸಾ-7 ತೆಗೆದ 1968ರ ನವೆಂಬರ್ 23ರ ಚಿತ್ರದ ಬಗ್ಗೆ ಕೇಳುತ್ತಿದ್ದೀರಿ ಅನ್ನಿಸುತ್ತದೆ. ಉತ್ತರ ಧ್ರುವದಲ್ಲಿ ದುಂಡನೆಯ ಕಪ್ಪು, ಅದನ್ನು ನೋಡಿ ಭೂಮಿ ಟೊಳ್ಳು ಎಂದು ವಾದಿಸಿದವರಿದ್ದರು. ಅದು ಒಂದು ದಿನದ ಹಲವು ಚಿತ್ರಗಳನ್ನು ಸೇರಿಸಿದ್ದು. ನವೆಂಬರ್ ಕೊನೆಯಲ್ಲಿ ಉತ್ತರ ಧ್ರುವಕ್ಕೆ ದಿನವಿಡೀ ಬಿಸಿಲಿಲ್ಲ, ಬೆಳಕಿಲ್ಲದ ಕಡೆ ಕಪ್ಪು. ಎಲ್ಲ ಕಡೆಯಿಂದ ಹಗಲಿನ ಪಟ್ಟಿಗಳನ್ನೇ ಆರಿಸಿ ಜೋಡಿಸಿದಾಗ ಕತ್ತಲೆ ನಡುವೆ ದುಂಡಗೆ ಉಳಿಯುತ್ತದೆ.

ಬೇಸಿಗೆಯ ಚಿತ್ರಗಳಲ್ಲೂ ಧ್ರುವದಲ್ಲಿ ಖಾಲಿ ಇರಬಹುದು, ಅದಕ್ಕೆ ಕಕ್ಷೆ ಕಾರಣ. ಲ್ಯಾಂಡ್‌ಸ್ಯಾಟ್ ಸುಮಾರು 82 ಡಿಗ್ರಿ ಅಕ್ಷಾಂಶದ ಆಚೆ ಹೋಗುವುದೇ ಇಲ್ಲ. ಗೋಳವನ್ನು ಚಪ್ಪಟೆಯಾಗಿ ಬಿಡಿಸಲು ಜಾಲತಾಣದ ನಕ್ಷೆಗಳು ಬಳಸುವ ಮರ್ಕೇಟರ್ ಪ್ರಕ್ಷೇಪಣವನ್ನು 85 ಡಿಗ್ರಿಗೆ ಕತ್ತರಿಸಿರುತ್ತಾರೆ, ಅದರಲ್ಲಿ ಧ್ರುವ ಅನಂತಕ್ಕೆ ಹೋಗುತ್ತದೆ. 60 ಡಿಗ್ರಿಯಲ್ಲೇ ವಿಸ್ತೀರ್ಣ ನಾಲ್ಕು ಪಟ್ಟು ಹಿಗ್ಗಿರುತ್ತದೆ. ಆಫ್ರಿಕ ಗ್ರೀನ್‌ಲ್ಯಾಂಡಿನ 14 ಪಟ್ಟು ದೊಡ್ಡದು, ಆ ನಕ್ಷೆಯಲ್ಲಿ ಎರಡೂ ಸಮಸಮ. ಉಪಗ್ರಹ ತಪ್ಪೇ ಮಾಡದಿದ್ದರೂ ಚಿತ್ರ ಕೊನೆಗೆ ಕೂರುವುದು ಚಪ್ಪಟೆ ಪರದೆಯ ಮೇಲೆ.

ಅಲೆಮಾಪಕಿ

ನೀವೆಲ್ಲ ಬಿಸಿಲಿನ ಚಿತ್ರಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ರೇಡಾರ್ ಚಿತ್ರಕ್ಕೆ ಬನ್ನಿ, ಅಲ್ಲಿ ಕಟ್ಟಡ ವಾಲುವುದು ತಿರುಗುಮುರುಗು. ರೇಡಾರ್ ಕೋನ ನೋಡುವುದಿಲ್ಲ, ಪ್ರತಿಧ್ವನಿ ಬರಲು ಎಷ್ಟು ಹೊತ್ತಾಯಿತು ಎಂದು ನೋಡುತ್ತದೆ. ಪಕ್ಕದಿಂದ ನೋಡುವಾಗ ಬೆಟ್ಟದ ತುದಿ ಬುಡಕ್ಕಿಂತ ಉಪಗ್ರಹಕ್ಕೆ ಹತ್ತಿರವಾಗಬಹುದು. ಆಗ ತುದಿಯ ಪ್ರತಿಧ್ವನಿ ಮೊದಲು ಬರುತ್ತದೆ, ಬೆಟ್ಟ ಉಪಗ್ರಹದ ಕಡೆಗೆ ಮಗುಚಿ ಬೀಳುತ್ತದೆ. ಆ ಕಡೆಯ ಇಳಿಜಾರು ರೇಡಾರ್ ನೆರಳಿನಲ್ಲಿ ಕಪ್ಪಾಗುತ್ತದೆ.

ಚಲಿಸುವ ವಸ್ತುಗಳದ್ದು ಇನ್ನೂ ವಿಚಿತ್ರ. ಸೆಂಟಿನೆಲ್-1ರಂಥ ರೇಡಾರ್, ವಸ್ತು ಕಕ್ಷೆಯ ಉದ್ದಕ್ಕೆ ಎಲ್ಲಿದೆ ಎಂದು ತಿಳಿಯುವುದು ತರಂಗದ ಕಂಪನಾಂಕದ ಬದಲಾವಣೆಯಿಂದ. ಹಡಗು ಸೆಕೆಂಡಿಗೆ 5 ಮೀ. ವೇಗದಲ್ಲಿ ರೇಡಾರ್ ಕಡೆಗೆ ಹತ್ತಿರವಾಗುತ್ತಿದ್ದರೆ ಆ ಬದಲಾವಣೆ ಲೆಕ್ಕ ತಪ್ಪಿಸುತ್ತದೆ. ಚಿತ್ರದಲ್ಲಿ ಹಡಗು ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಬೀಳುತ್ತದೆ. ಅದು ಹಿಂದೆ ಬಿಟ್ಟ ನೀರಿನ ಗೆರೆ ಮಾತ್ರ ಸರಿಯಾದ ಜಾಗದಲ್ಲೇ ಇರುತ್ತದೆ. ಗೆರೆ ಒಂದು ಕಡೆ, ಹಡಗು ಇನ್ನೊಂದು ಕಡೆ. ಓಡುವ ರೈಲು ಹಳಿ ಬಿಟ್ಟು ಹೊಲದಲ್ಲಿ ಕಾಣುವುದೂ ಇದರಿಂದಲೇ. ಗೆರೆಗೂ ಹಡಗಿಗೂ ಎಷ್ಟು ಅಂತರ ಎಂದು ಅಳೆದರೆ ಹಡಗಿನ ವೇಗ ಸಿಗುತ್ತದೆ.

ಮೋಡದಾಚೆ

ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ಕೊನೆಯದಾಗಿ ಒಂದು ಉಪಯೋಗದ ಪ್ರಶ್ನೆ. ಒಂದು ನದಿಯ ದಡ ಕೊರೆದುಹೋಗುತ್ತಿದೆಯೇ ಎಂದು ಹಳೆಯ ಚಿತ್ರ, ಹೊಸ ಚಿತ್ರ ಹೋಲಿಸುತ್ತಿದ್ದೇನೆ. ದಡ 40 ಮೀ. ಸರಿದಂತೆ ಕಾಣುತ್ತದೆ. ಸರಿದದ್ದು ದಡವೋ ಚಿತ್ರವೋ?

ಕಕ್ಷೆ98

ಎರಡೂ ಇರಬಹುದು. ಕದಲದ ವಸ್ತುಗಳನ್ನು ಎರಡೂ ಚಿತ್ರದಲ್ಲಿ ಹುಡುಕಿ. ನೆಲಮಟ್ಟದ್ದೇ ಆಗಬೇಕು: ರಸ್ತೆ ಕೂಡುವ ಜಾಗ, ಮೈದಾನದ ಮೂಲೆ, ಕಾಲುವೆಯ ತಿರುವು. ಮನೆಯ ಚಾವಣಿ, ಮರದ ತುದಿ, ನೀರಿನ ಟ್ಯಾಂಕ್ ಬೇಡ, ಅವು ವಾಲುತ್ತವೆ. ನದಿಯ ಎರಡೂ ದಡದಲ್ಲಿ, ಮೇಲೂ ಕೆಳಗೂ ಗುರುತು ಇರಲಿ.

ಮೋಡದಾಚೆ

ನೋಡಿದೆ. ಎರಡೂ ದಡದ ರಸ್ತೆ ಕೂಡುವ ಜಾಗಗಳು ಈಶಾನ್ಯಕ್ಕೆ 6 ಮೀ. ಆಸುಪಾಸು ಸರಿದಿವೆ, ಹೆಚ್ಚುಕಡಿಮೆ ಒಂದೇ ಥರ. ದಡ ಸರಿದಿರುವುದೂ ಈಶಾನ್ಯಕ್ಕೇ.

ಕಕ್ಷೆ98

ಎಲ್ಲ ಕಡೆ ಒಂದೇ ಥರ ಸರಿದಿದ್ದರೆ ಒಳ್ಳೆಯದು, ಆ 6 ಮೀ. ಕಳೆದುಬಿಡಿ. ಉಳಿದ 34 ಮೀ. ನೆಲದ ಮೇಲಿನ ಬದಲಾವಣೆ. ಆದರೆ ಎರಡೂ ಚಿತ್ರದ ತಿಂಗಳು ನೋಡಿಕೊಳ್ಳಿ. ಒಂದು ಮಳೆಗಾಲದ ಕೊನೆಯದು, ಇನ್ನೊಂದು ಬೇಸಿಗೆಯದು ಆಗಿದ್ದರೆ ನೀವು ಅಳೆದದ್ದು ನೀರಿನ ಅಂಚು, ದಡವಲ್ಲ. ನೀರಿನ ಅಂಚು ಬಿಟ್ಟು, ಗಿಡಮರ ಶುರುವಾಗುವ ಗೆರೆಯನ್ನು ಹಿಡಿದು ಮತ್ತೊಮ್ಮೆ ಅಳೆಯಿರಿ.

ಮೋಡದಾಚೆ

ಹಳೆಯದು ಅಕ್ಟೋಬರ್, ಹೊಸದು ಏಪ್ರಿಲ್. ಹೊಸ ಚಿತ್ರದ ವರ್ಷದ್ದೇ ಅಕ್ಟೋಬರ್ ಚಿತ್ರ ಮೋಡವಿಲ್ಲದ್ದು ಸಿಗುತ್ತದೆಯೇ ಎಂದು ಹುಡುಕಿ, ಗಿಡಮರದ ಗೆರೆ ಹಿಡಿದು ಅಳೆದು ಇಲ್ಲೇ ಹಾಕುತ್ತೇನೆ.